ಚರ್ಮದ ಕ್ಯಾನ್ಸರಿನಲ್ಲಿ ಆರ್‌ಎನ್‌ಎ ಅಧ್ಯಯನ: ಕಲಬುರಗಿಯಲ್ಲಿ ಕುಳಿತು ಯಾವ ದಾರಿ ಹಿಡಿಯಬೇಕು?

ಸಿನಾಪ್ಸಿಸ್ (ಸಂಶೋಧನೆಯ ಮುನ್ನೋಟ) ಬರೆಯುವ ದಿನಗಳು ಬಂದವೆಂದರೆ ಒಬ್ಬ ವಿದ್ಯಾರ್ಥಿಯಾದರೂ ನನ್ನ ಮೇಜಿನ ಮುಂದೆ ನಿಂತು ಈ ಮಾತು ಹೇಳುವುದು ಖಂಡಿತ: "ಸರ್, ಮೆಲನೋಮಾದಲ್ಲಿ ನಾನ್‌ಕೋಡಿಂಗ್ ಆರ್‌ಎನ್‌ಎ ಮೇಲೆ ಕೆಲಸ ಮಾಡಬೇಕೆಂದಿದ್ದೇನೆ. ಸೀಕ್ವೆನ್ಸಿಂಗ್ ಮಾಡಿಸಿಬಿಡೋಣ." ನಾನು ಕೇಳುವುದೂ ಪ್ರತಿ ಸಲ ಅದನ್ನೇ: "ಮಾದರಿ ಎಲ್ಲಿದೆ?" ಅಲ್ಲಿಗೆ ಮಾತು ನಿಲ್ಲುತ್ತದೆ. ಯಂತ್ರದ ಹೆಸರು ಗೊತ್ತಿರುತ್ತದೆ, ಕಂಪನಿಯ ದರಪಟ್ಟಿ ಕೈಯಲ್ಲಿರುತ್ತದೆ, ಗಡ್ಡೆಯ ತುಣುಕು ಮಾತ್ರ ಎಲ್ಲೂ ಇರುವುದಿಲ್ಲ.

ಈ ಬರಹ ಅಂಥವರಿಗೆ. ಎಂಎಸ್‌ಸಿ ಯೋಜನೆ, ಎಂಡಿ ಪ್ರಬಂಧ, ಪಿಎಚ್‌ಡಿ, ಯಾವುದೇ ಇರಲಿ, ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕುಳಿತು ಚರ್ಮದ ಕ್ಯಾನ್ಸರಿನ ಜೀನ್ ಅಭಿವ್ಯಕ್ತಿಯನ್ನು ಅಧ್ಯಯನ ಮಾಡಲು ಹೊರಟವರ ಮುಂದೆ ಇರುವ ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಪ್ರಯತ್ನ. ನನ್ನ ಒಲವು ಎತ್ತ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ: ಕೈಗೆ ಸಿಗುವ ಮಾದರಿಯೇ ವಿಧಾನವನ್ನು ಆರಿಸಬೇಕು. ವಿಧಾನವನ್ನು ಮೊದಲು ನಿಶ್ಚಯಿಸಿ ಮಾದರಿ ಹುಡುಕಲು ಹೊರಟವರು ಎರಡನೇ ವರ್ಷದ ಕೊನೆಗೆ ವಿಷಯ ಬದಲಿಸಿದ್ದನ್ನು ನಾನು ಸಾಕಷ್ಟು ನೋಡಿದ್ದೇನೆ.

ಹೊಸಬರಿಗಾಗಿ ಎರಡು ಮಾತು. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳಿಂದ ಹುಟ್ಟುವ ಕ್ಯಾನ್ಸರ್ ಮೆಲನೋಮಾ, ಹೊರಪದರದ ಕೆರಟಿನೋಸೈಟ್ ಕೋಶಗಳಿಂದ ಹುಟ್ಟುವುದು ಸ್ಕ್ವಾಮಸ್ ಕಾರ್ಸಿನೋಮಾ. ಸೀಕ್ವೆನ್ಸಿಂಗ್ ಎಂದರೆ ಆರ್‌ಎನ್‌ಎಯ ಅಕ್ಷರಗಳನ್ನು ಯಂತ್ರದಲ್ಲಿ ಓದಿಸುವುದು. ಮನುಷ್ಯನ ಜೀನೋಮಿನಲ್ಲಿ ಪ್ರೋಟೀನ್ ತಯಾರಿಕೆಯ ಸಂಕೇತ ಇರುವ ಭಾಗ ಶೇ 2ರ ಆಸುಪಾಸು. ಉಳಿದ ಭಾಗದ ಬಹುಪಾಲಿನಿಂದಲೂ ಆರ್‌ಎನ್‌ಎ ನಕಲಾಗುತ್ತದೆ. ಪ್ರೋಟೀನ್ ಆಗದ ಈ ನಾನ್‌ಕೋಡಿಂಗ್ ಆರ್‌ಎನ್‌ಎಗಳಲ್ಲಿ ಸುಮಾರು 22 ನ್ಯೂಕ್ಲಿಯೋಟೈಡ್ (ಆರ್‌ಎನ್‌ಎಯ ಅಕ್ಷರ) ಉದ್ದದವು ಮೈಕ್ರೋ ಆರ್‌ಎನ್‌ಎ. 200ಕ್ಕಿಂತ ಉದ್ದದವನ್ನು ರೂಢಿಯಲ್ಲಿ ಉದ್ದ ನಾನ್‌ಕೋಡಿಂಗ್ ಆರ್‌ಎನ್‌ಎ ಎನ್ನುತ್ತೇವೆ. ಎರಡು ತುದಿ ಸೇರಿ ಬಳೆಯಾದವು ವೃತ್ತಾಕಾರದ ಆರ್‌ಎನ್‌ಎ. ಮೊದಲ ಮೈಕ್ರೋ ಆರ್‌ಎನ್‌ಎ 1993ರಲ್ಲಿ ಒಂದು ಸಣ್ಣ ದುಂಡುಹುಳುವಿನಲ್ಲಿ ಸಿಕ್ಕಿತು. ಅದರ ಶೋಧಕ್ಕಾಗಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ಆ ಪ್ರಶಸ್ತಿಯ ನಂತರ ನನ್ನ ಮೇಜಿನ ಮುಂದೆ ನಿಲ್ಲುವವರ ಸಂಖ್ಯೆಯೂ ಏರಿದೆ.

ಮೆಲನೋಮಾ ಬೇಕೋ, ಸ್ಕ್ವಾಮಸ್ ಕಾರ್ಸಿನೋಮಾ ಬೇಕೋ?

ಮೆಲನೋಮಾದ ಆಕರ್ಷಣೆ ನನಗೆ ಅರ್ಥವಾಗುತ್ತದೆ. ಚರ್ಮದ ಕ್ಯಾನ್ಸರುಗಳಲ್ಲಿ ಹೆಚ್ಚು ಮಾರಕವಾದದ್ದು, ಹೆಚ್ಚು ಓದಲಾದದ್ದು ಅದೇ. ಕಥೆಗಳೂ ಸೊಗಸಾಗಿವೆ. 2016ರಲ್ಲಿ ವರದಿಯಾದ ಸ್ಯಾಮ್ಸನ್ ಎಂಬ ಉದ್ದ ಆರ್‌ಎನ್‌ಎಯನ್ನೇ ನೋಡಿ. ಮೆಲನೋಸೈಟುಗಳ ಯಜಮಾನನಂತಿರುವ ಎಂಐಟಿಎಫ್ ಜೀನಿನ ಪಕ್ಕದ ಮನೆಯಲ್ಲೇ, 3ನೇ ಕ್ರೋಮೋಸೋಮಿನಲ್ಲಿ ಅದರ ವಾಸ. ಶೇ 90ಕ್ಕೂ ಹೆಚ್ಚು ಮೆಲನೋಮಾಗಳಲ್ಲಿ ಅದು ಕಾಣಿಸುತ್ತದೆ. ಅದನ್ನು ಅಡಗಿಸಿದರೆ ಬಿರಾಫ್ ಎಂಬ ಜೀನಿನಲ್ಲಿ ಮ್ಯುಟೇಶನ್ (ಬದಲಾವಣೆ) ಇರಲಿ ಬಿಡಲಿ, ಮೆಲನೋಮಾ ಕೋಶಗಳು ಸಾಯುತ್ತವೆ. ಇನ್ನೊಂದು ಕಥೆ ಮೈಕ್ರೋ ಆರ್‌ಎನ್‌ಎ 211ರದು. ಟಿಆರ್‌ಪಿಎಂ1 ಎಂಬ ಜೀನ್ ಮಂಕಾದರೆ ಮೆಲನೋಮಾ ಉಗ್ರವಾಗುತ್ತದೆ ಎಂದು ಬಹುಕಾಲ ಆ ಜೀನನ್ನೇ ಕೊಂಡಾಡಿದರು. ಆಮೇಲೆ ನೋಡಿದರೆ ಗಡ್ಡೆಯನ್ನು ಹಿಡಿದಿಡುತ್ತಿದ್ದದ್ದು ಆ ಜೀನಿನ ಇಂಟ್ರಾನ್ (ಪ್ರೋಟೀನಿನ ಸಂಕೇತವಿಲ್ಲದ ನಡುವಿನ ತುಂಡು) ಒಳಗೆ ಅಡಗಿದ್ದ ಈ 211.

ಆದರೆ ನಮ್ಮ ಆಸ್ಪತ್ರೆಗಳಿಗೆ ಬರುವ ಮೆಲನೋಮಾ ಕಡಿಮೆ. ಬಂದರೂ ಕಪ್ಪು ಚರ್ಮದವರಲ್ಲಿ ಹೆಚ್ಚಿನ ಪಾಲು ಅಂಗಾಲು, ಅಂಗೈ, ಉಗುರಿನ ಕೆಳಗೆ ಹುಟ್ಟುವ ಏಕ್ರಲ್ ಬಗೆಯದು. ಅದು ಬಿಸಿಲಿನಿಂದ ಹುಟ್ಟುವ ಮೆಲನೋಮಾದ ತಮ್ಮನಲ್ಲ, ದೂರದ ಸಂಬಂಧಿ. ಅರ್ಧದಷ್ಟು ಮೆಲನೋಮಾಗಳಲ್ಲಿ ಬಿರಾಫ್ ಮ್ಯುಟೇಶನ್ ಇರುತ್ತದೆ ಎಂಬ ಪಠ್ಯಪುಸ್ತಕದ ಮಾತು ಬಿಳಿ ಚರ್ಮದವರ ಗಡ್ಡೆಗಳಿಂದ ಬಂದದ್ದು. ಏಕ್ರಲ್ ಬಗೆಯಲ್ಲಿ ಅದರ ಪಾಲು ಬಹಳ ಕಡಿಮೆ. ಆ ಸಾಹಿತ್ಯವನ್ನು ಓದಿ, ಅದರ ಊಹೆಗಳನ್ನು ನಮ್ಮ ಅಂಗಾಲಿನ ಗಡ್ಡೆಯ ಮೇಲೆ ಹೊರಿಸುವುದು ಸರಿಯಲ್ಲ.

ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಹಾಗಲ್ಲ. ಹಳೆಯ ಸುಟ್ಟಗಾಯದ ಕಲೆ, ವರ್ಷಗಟ್ಟಲೆ ಮಾಯದ ಹುಣ್ಣು, ಇವುಗಳಿಂದ ಹುಟ್ಟುವ ಈ ಕ್ಯಾನ್ಸರ್ ನಮ್ಮ ಶಸ್ತ್ರಚಿಕಿತ್ಸಕರಿಗೆ ಹಳೆಯ ಪರಿಚಯ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣ ಯಾದಗಿರಿ ಜಿಲ್ಲೆಯಲ್ಲೇ ಇದೆ. ಸುರಪುರ ತಾಲ್ಲೂಕಿನ ಮಂಗಳೂರು ಹಳೆಯ ಚಿನ್ನದ ಗಣಿ ಪ್ರದೇಶ. ಅಲ್ಲಿನ ಕಿರದಳ್ಳಿ ತಾಂಡಾದ ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಇರುವುದೂ, ಜನರ ಅಂಗೈ ಅಂಗಾಲುಗಳಲ್ಲಿ ಗಂಟುಗಂಟಾದ ಕೆರಟೋಸಿಸ್ (ದಪ್ಪಗಟ್ಟಿ ಗಡುಸಾದ ಚರ್ಮ) ಕಂಡದ್ದೂ ದಾಖಲಾಗಿದೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂಬುದು ಮಿತಿ. ದೀರ್ಘಕಾಲ ಅದನ್ನು ಮೀರಿದರೆ ಕೆರಟೋಸಿಸ್, ಬೋವೆನ್ ಕಾಯಿಲೆ (ಚರ್ಮದ ಹೊರಪದರ ದಾಟದ ಆರಂಭದ ಕ್ಯಾನ್ಸರ್), ಕೊನೆಗೆ ಸ್ಕ್ವಾಮಸ್ ಕಾರ್ಸಿನೋಮಾ. ಕ್ಯಾನ್ಸರಿನ ಈ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡುವ ಅವಕಾಶ ಬೋಸ್ಟನ್ನಿನವರಿಗೆ ಸುಲಭವಾಗಿ ಸಿಗುವುದಿಲ್ಲ. ಕೆರಟಿನೋಸೈಟ್ ಬಲಿಯಲು ಬೇಕಾದ ಮೈಕ್ರೋ ಆರ್‌ಎನ್‌ಎ 203 ಸ್ಕ್ವಾಮಸ್ ಕಾರ್ಸಿನೋಮಾದಲ್ಲಿ ಇಳಿಯುತ್ತದೆ, 21 ಮತ್ತು 31 ಏರುತ್ತವೆ. ಈ ಏರಿಳಿತ ಕೆರಟೋಸಿಸ್ ಹಂತದಲ್ಲೇ ಶುರುವಾಗಿರುತ್ತದೆಯೇ ಎಂಬುದು ಇಲ್ಲಿ ಕುಳಿತು ಕೇಳಬಹುದಾದ, ಇಲ್ಲೇ ಉತ್ತರ ಹುಡುಕಬಹುದಾದ ಪ್ರಶ್ನೆ. ನನ್ನನ್ನು ಕೇಳಿದರೆ ಮೆಲನೋಮಾ ಬಿಟ್ಟು ಇದನ್ನು ಹಿಡಿಯಿರಿ ಎನ್ನುತ್ತೇನೆ.

ಬೀದರಿನವರಿಗೆ ಮೂರನೆಯ ದಾರಿಯೂ ಉಂಟು. ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ನಾಯಿಗಳ ಬಾಯಲ್ಲಿ ತಾನಾಗಿ ಹುಟ್ಟುವ ಮೆಲನೋಮಾ ಮನುಷ್ಯರ ಲೋಳೆಪೊರೆಯ ಮೆಲನೋಮಾಕ್ಕೆ ಹತ್ತಿರವಾದ ಪ್ರತಿರೂಪ. ಎತ್ತುಗಳ ಕೊಂಬಿನ ಕ್ಯಾನ್ಸರ್ ಕೂಡ ಸ್ಕ್ವಾಮಸ್ ಕಾರ್ಸಿನೋಮಾವೇ. ಅದು ಚರ್ಮದ ಕ್ಯಾನ್ಸರ್ ಅಲ್ಲವೆಂದು ಮೂಗು ಮುರಿಯುವವರಿಗೆ ಒಂದು ಮಾತು: ಕೊಂಬು ಕತ್ತರಿಸಿದ ದಿನವೇ ಕೈ ತುಂಬ ತಾಜಾ ಗಡ್ಡೆ ಸಿಗುತ್ತದೆ.

ತಾಜಾ ತುಣುಕೋ, ಮೇಣದ ಬ್ಲಾಕೋ, ರಕ್ತವೋ?

ತಾಜಾ ಮಾದರಿಯೇ ಶ್ರೇಷ್ಠ, ಅನುಮಾನವಿಲ್ಲ. ಆದರೆ ಶ್ರೇಷ್ಠವಾದದ್ದು ಕಲಬುರಗಿಯ ಮೇ ತಿಂಗಳನ್ನು ದಾಟಬೇಕು. ಆರ್‌ಎನ್‌ಎ ಕಾಪಾಡುವ ದ್ರಾವಣದ ಬಾಟಲಿಯ ಮೇಲೆ ಕೊಠಡಿಯ ಉಷ್ಣತೆಯಲ್ಲಿ ಒಂದು ವಾರ ಇಡಬಹುದು ಎಂದು ಬರೆದಿರುತ್ತದೆ. ಆ ಕೊಠಡಿಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್. 37 ಡಿಗ್ರಿಯಲ್ಲಾದರೆ ಅದೇ ದ್ರಾವಣಕ್ಕೆ ಒಂದು ದಿನದ ಆಯುಷ್ಯ. ನಮ್ಮಲ್ಲಿ ಹೊರಗೆ 40 ದಾಟಿ, ಕರೆಂಟ್ ಹೋಗಿ ಫ್ಯಾನ್ ನಿಂತ ಮಧ್ಯಾಹ್ನದ ಕೊಠಡಿ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಒಮ್ಮೆ ನಾನು ಡ್ರೈ ಐಸ್ ತುಂಬಿದ ಪೆಟ್ಟಿಗೆಯಲ್ಲಿ ಹನ್ನೊಂದು ಮಾದರಿಗಳನ್ನು ಶುಕ್ರವಾರ ಸಂಜೆ ಕೊರಿಯರ್‌ಗೆ ಕೊಟ್ಟೆ. ಶುಕ್ರವಾರ ಕೊಟ್ಟದ್ದೇ ತಪ್ಪು. ಪೆಟ್ಟಿಗೆ ಎರಡು ದಿನ ಯಾವುದೋ ಗೋದಾಮಿನಲ್ಲಿ ಕುಳಿತಿತ್ತು. ಮಂಗಳವಾರ ತೆರೆದವರು ಫೋನ್ ಮಾಡಿ, "ಪೆಟ್ಟಿಗೆ ಬಂದಿದೆ ಸರ್, ಐಸ್ ಬಂದಿಲ್ಲ" ಎಂದರು. ಅಂದಿನಿಂದ ನಾನು ಮಾದರಿಯನ್ನು ಕೈಯಲ್ಲೇ ಹಿಡಿದುಕೊಂಡು ರೈಲು ಹತ್ತುತ್ತೇನೆ. ಹೈದರಾಬಾದ್ ನಮಗೆ ಇನ್ನೂರು ಚಿಲ್ಲರೆ ಕಿಲೋಮೀಟರ್, ಬೆಂಗಳೂರು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಲ್ಯಾಬ್ ಆರಿಸುವಾಗ ದರಪಟ್ಟಿಯ ಜೊತೆಗೆ ರೈಲ್ವೆ ವೇಳಾಪಟ್ಟಿಯನ್ನೂ ನೋಡಿ.

ಮೇಣದ ಬ್ಲಾಕಿಗೆ ಈ ಯಾವ ಗೋಳೂ ಇಲ್ಲ. ಪ್ರತಿ ಬಯಾಪ್ಸಿಯ ತುಣುಕೂ ಫಾರ್ಮಲಿನ್‌ನಲ್ಲಿ ನೆನೆದು, ಪ್ಯಾರಾಫಿನ್‌ನಲ್ಲಿ ಕೂತು, ಪೆಥಾಲಜಿ ವಿಭಾಗದ ಕಪಾಟಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಫಾರ್ಮಲಿನ್ ಆರ್‌ಎನ್‌ಎಯನ್ನು ತುಂಡುತುಂಡು ಮಾಡುತ್ತದೆ, ನಿಜ. ಸಾವಿರಾರು ಅಕ್ಷರಗಳ ಉದ್ದ ಆರ್‌ಎನ್‌ಎ ಚೂರಾಗುತ್ತದೆ. ಆದರೆ 22 ಅಕ್ಷರದ್ದು ಚೂರಾಗಲು ಜಾಗವೇ ಎಲ್ಲಿದೆ? ಮೈಕ್ರೋ ಆರ್‌ಎನ್‌ಎ ಹಳೆಯ ಬ್ಲಾಕಿನಲ್ಲೂ ಚೆನ್ನಾಗಿ ಉಳಿಯುತ್ತದೆ. ನಮ್ಮಂಥ ಊರಿನ ಸಂಶೋಧಕರಿಗೆ ಪ್ರಕೃತಿ ಕೊಟ್ಟ ದೊಡ್ಡ ರಿಯಾಯಿತಿ ಇದು. ಬ್ಲಾಕಿನ ಆರ್‌ಎನ್‌ಎಗೆ ಅದು ಎಷ್ಟು ಇಡಿಯಾಗಿ ಉಳಿದಿದೆ ಎನ್ನುವ ಆರ್‌ಐಎನ್ ಅಂಕ ಕೇಳಬೇಡಿ, ಅದು ಯಾವಾಗಲೂ ಕೆಳಗೇ ಬರುತ್ತದೆ. 200 ಅಕ್ಷರಕ್ಕಿಂತ ಉದ್ದದ ತುಣುಕುಗಳು ಶೇಕಡಾ ಎಷ್ಟಿವೆ ಎಂಬ ಡಿವಿ200 ಅಂಕ ಕೇಳಿ.

ಬ್ಲಾಕಿರಲಿ, ತಾಜಾ ಇರಲಿ, ಎರಡು ಗುಂಡಿಗಳಿವೆ. ಒಂದು, ಸಾಮಾನ್ಯ ಸಿಲಿಕಾ ಕಾಲಂ ಕಿಟ್. ದಾಲ್ ಮಿಲ್ಲಿನ ಜರಡಿ ನುಚ್ಚನ್ನು ಕೆಳಗೆ ಬಿಡುವ ಹಾಗೆ ಅದು 200ಕ್ಕಿಂತ ಚಿಕ್ಕ ಆರ್‌ಎನ್‌ಎಯನ್ನು ತೊಳೆದು ಹಾಕುತ್ತದೆ. ನಮಗೆ ಬೇಕಾದದ್ದೇ ಆ ನುಚ್ಚು. ಎಥನಾಲ್ ಪ್ರಮಾಣ ಹೆಚ್ಚಿಸಿ ಚಿಕ್ಕವನ್ನೂ ಹಿಡಿಯುವ ಕಿಟ್ ಬೇರೆ ಇರುತ್ತದೆ, ಅದನ್ನೇ ತರಿಸಿ. ಎರಡು, ಮೆಲನಿನ್. ಮೆಲನೋಮಾದಿಂದ ತೆಗೆದ ಆರ್‌ಎನ್‌ಎ ಚಹಾ ಬಣ್ಣಕ್ಕೆ ಬಂದರೆ ಎಚ್ಚರ. ಮೆಲನಿನ್ ಜೊತೆಗೇ ಬಂದು ಪಿಸಿಆರ್ (ನಕಲು ಮಾಡಿ ಹೆಚ್ಚಿಸಿ ಅಳೆಯುವ ವಿಧಾನ) ಕಿಣ್ವದ ಕತ್ತು ಹಿಚುಕುತ್ತದೆ. ಮಾದರಿಯನ್ನು ನೀರು ಬೆರೆಸಿ ತೆಳು ಮಾಡಿದರೆ ಫಲಿತಾಂಶ ಸುಧಾರಿಸುತ್ತದೆಯೇ ನೋಡಿ. ಸುಧಾರಿಸಿದರೆ ಕಳ್ಳ ಸಿಕ್ಕ. ಬಿಎಸ್‌ಎ ಎಂಬ ಪ್ರೋಟೀನ್ ಸೇರಿಸುವುದೂ ನೆರವಾಗುತ್ತದೆ. ಇದು ಗೊತ್ತಿಲ್ಲದೆ, ಕಪ್ಪು ಗಡ್ಡೆಯಲ್ಲಿ ಜೀನ್ ಇಳಿದಿದೆ ಎಂದು ಬರೆದುಬಿಟ್ಟರೆ ನೀವು ಅಳೆದದ್ದು ಬಣ್ಣವನ್ನು, ಜೀನನ್ನಲ್ಲ.

ರಕ್ತದ ಬಗ್ಗೆ ನನಗೆ ಉತ್ಸಾಹ ಕಡಿಮೆ. ಸಿಗುವುದು ಸುಲಭ, ರೋಗಿಗೆ ನೋವೂ ಕಡಿಮೆ. ಆದರೆ ಸಿರಿಂಜಿನಲ್ಲಿ ಜೋರಾಗಿ ಎಳೆದು ನಾಲ್ಕು ಕೆಂಪು ರಕ್ತಕಣ ಒಡೆದರೂ 451, 16ರಂಥ ಮೈಕ್ರೋ ಆರ್‌ಎನ್‌ಎಗಳು ಸೀರಂ ತುಂಬ ಹರಡುತ್ತವೆ. ಸೀರಂ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ.

ಎಷ್ಟಿದೆ?

ಪ್ರಶ್ನೆ ಇಷ್ಟೇ ಆದರೆ ರಿಯಲ್ ಟೈಮ್ ಪಿಸಿಆರ್ ಸಾಕು. ಯಾವ ಆರ್‌ಎನ್‌ಎ ಎಂದು ಮೊದಲೇ ಗೊತ್ತಿರಬೇಕು, ಐದರಿಂದ ಇಪ್ಪತ್ತರ ಒಳಗಿರಬೇಕು. ಸಿಟಿ ಮೌಲ್ಯ (ಸಂಕೇತ ಕಾಣಿಸಲು ಬೇಕಾದ ಪಿಸಿಆರ್ ಸುತ್ತುಗಳ ಸಂಖ್ಯೆ) ಒಂದು ಇಳಿದರೆ ಪ್ರಮಾಣ ಎರಡು ಪಟ್ಟು, ಮೂರೂಕಾಲಿನಷ್ಟು ಇಳಿದರೆ ಸುಮಾರು ಹತ್ತು ಪಟ್ಟು. ಲೆಕ್ಕ ಸರಳ, ತಪ್ಪುವುದು ತೂಕದ ಕಲ್ಲಿನಲ್ಲಿ. ಎಪಿಎಂಸಿಯಲ್ಲಿ ತೊಗರಿ ತೂಗುವವನ ಕಲ್ಲೇ ದಿನಕ್ಕೊಂದು ತೂಕವಾದರೆ ಏನು ಗತಿಯೋ, ಹೋಲಿಕೆಗೆ ಇಟ್ಟುಕೊಂಡ ಜೀನ್ ಗಡ್ಡೆಯಲ್ಲಿ ಏರಿಳಿದರೆ ಅದೇ ಗತಿ. ಎಲ್ಲರೂ ಯು6 ಎಂಬ ಸಣ್ಣ ಆರ್‌ಎನ್‌ಎ ಬಳಸುತ್ತಾರೆಂದು ನೀವೂ ಬಳಸಬೇಡಿ. ಮೂರು ಹೋಲಿಕೆಯ ಆರ್‌ಎನ್‌ಎ ಆರಿಸಿ, ನಿಮ್ಮ ಮಾದರಿಗಳಲ್ಲಿ ಯಾವುದು ಅಲುಗಾಡುವುದಿಲ್ಲ ಎಂದು ನೋಡಿ, ಅದನ್ನು ಇಟ್ಟುಕೊಳ್ಳಿ. 2009ರಲ್ಲಿ ಪ್ರಕಟವಾದ ಎಂಐಕ್ಯುಇ ಮಾರ್ಗಸೂಚಿ ಇದನ್ನೇ ಹೇಳುತ್ತದೆ. ಪ್ರಬಂಧದ ಪರೀಕ್ಷಕರು ಅದನ್ನು ಓದಿಲ್ಲವಾದರೂ ಪತ್ರಿಕೆಯ ಪರಿಶೀಲಕರು ಓದಿರುತ್ತಾರೆ.

ಇದರೊಳಗೂ ಒಂದು ಆಯ್ಕೆ ಇದೆ. ಸ್ಟೆಮ್ ಲೂಪ್ ಪ್ರೈಮರ್ (ನಕಲು ಶುರುಮಾಡುವ ಮಡಚಿದ ಎಳೆ) ಪ್ರತಿ ಮೈಕ್ರೋ ಆರ್‌ಎನ್‌ಎಗೂ ಬೇರೆ, ನಿಖರತೆ ಹೆಚ್ಚು, ಒಂದೇ ಅಕ್ಷರ ವ್ಯತ್ಯಾಸವಿರುವ ಲೆಟ್ 7 ಕುಟುಂಬದವರನ್ನು ಬೇರ್ಪಡಿಸಲು ಅದೇ ಮೇಲು. ಪಾಲಿ ಎ (ಸಾಲಾಗಿ ಎ ಅಕ್ಷರಗಳ) ಬಾಲ ಅಂಟಿಸುವ ವಿಧಾನದಲ್ಲಿ ಒಂದೇ ಸಿಡಿಎನ್‌ಎಯಿಂದ (ಆರ್‌ಎನ್‌ಎಯ ಡಿಎನ್‌ಎ ನಕಲಿನಿಂದ) ಎಷ್ಟು ಬೇಕಾದರೂ ಅಳೆಯಬಹುದು. ಬ್ಲಾಕಿನಿಂದ ಬರುವ ಆರ್‌ಎನ್‌ಎ ಅಲ್ಪವಾದ್ದರಿಂದ ನಾನು ಎರಡನೆಯದನ್ನೇ ಹೇಳುತ್ತೇನೆ. ಉದ್ದ ಆರ್‌ಎನ್‌ಎ ಅಳೆಯುವವರು ಡಿಎನ್‌ಏಸ್ (ಡಿಎನ್‌ಎ ಕತ್ತರಿಸುವ ಕಿಣ್ವ) ಹಾಕುವುದನ್ನು ಬಿಡಬಾರದು. ಅವುಗಳಲ್ಲಿ ಹಲವಕ್ಕೆ ಇಂಟ್ರಾನೇ ಇಲ್ಲದ್ದರಿಂದ ಉಳಿದುಹೋದ ಜೀನೋಮಿಕ್ ಡಿಎನ್‌ಎ ಆರ್‌ಎನ್‌ಎಯ ವೇಷ ಹಾಕಿ ಕುಳಿತಿರುತ್ತದೆ.

ಪಟ್ಟಿ ನೂರು ದಾಟಿದರೆ ನ್ಯಾನೋಸ್ಟ್ರಿಂಗ್ ಎಂಬುದಿದೆ. ನಕಲು ಮಾಡದೆ ನೇರವಾಗಿ ಎಣಿಸುತ್ತದೆ, ಒಂದು ಸಲಕ್ಕೆ 800ರವರೆಗೆ, ಬ್ಲಾಕಿನ ಆರ್‌ಎನ್‌ಎಗೂ ಒಗ್ಗುತ್ತದೆ. ದುಬಾರಿ. ಮೈಕ್ರೋಅರೇ (ಗೊತ್ತಿರುವ ಜೀನುಗಳನ್ನು ಚಿಪ್ ಮೇಲೆ ಅಳೆಯುವ ವಿಧಾನ) ವಿಷಯಕ್ಕೆ ಬಂದರೆ, ಹಳೆಯ ದತ್ತಾಂಶ ಓದಲು ಅದರ ಪರಿಚಯ ಬೇಕು, ಹೊಸದಾಗಿ ಮಾಡಿಸಲು ಇಂದು ಕಾರಣ ಕಾಣುವುದಿಲ್ಲ.

ಏನೇನಿದೆ?

ಪಟ್ಟಿಯೇ ಗೊತ್ತಿಲ್ಲದಾಗ ಸೀಕ್ವೆನ್ಸಿಂಗ್. ಆದರೆ "ಆರ್‌ಎನ್‌ಎ ಸೀಕ್ವೆನ್ಸಿಂಗ್" ಎಂದು ಆರ್ಡರ್ ಕೊಟ್ಟರೆ ಬಹುತೇಕ ಕಡೆ ಪಾಲಿ ಎ ಬಾಲವಿರುವ ಆರ್‌ಎನ್‌ಎಯನ್ನು ಮಾತ್ರ ಹಿಡಿದು ಓದಿಕೊಡುತ್ತಾರೆ. ಬಾಲವಿಲ್ಲದ ಉದ್ದ ಆರ್‌ಎನ್‌ಎ, ವೃತ್ತಾಕಾರದವು, ಮೈಕ್ರೋ ಆರ್‌ಎನ್‌ಎ ಎಲ್ಲವೂ ಹೊರಗೆ. ನಾನ್‌ಕೋಡಿಂಗ್ ಹುಡುಕಲು ಹೋದವನು ದುಡ್ಡು ಕೊಟ್ಟು ಅದನ್ನೇ ಎಸೆಸಿ ಬಂದ ಹಾಗೆ. ಉದ್ದ ಆರ್‌ಎನ್‌ಎಗೆ ರೈಬೋಸೋಮಲ್ ಆರ್‌ಎನ್‌ಎ ಕಳೆದ ಒಟ್ಟು ಆರ್‌ಎನ್‌ಎಯ ಲೈಬ್ರರಿ (ಓದಲು ಸಿದ್ಧಪಡಿಸಿದ ತುಣುಕುಗಳ ಸಂಗ್ರಹ) ಬೇಕು. ಎಳೆಯ ದಿಕ್ಕು ತಿಳಿಸುವ ಬಗೆಯದೇ ಆಗಬೇಕು, ಏಕೆಂದರೆ ಹಲವು ಉದ್ದ ಆರ್‌ಎನ್‌ಎಗಳು ಪ್ರೋಟೀನ್ ಜೀನಿನ ಎದುರು ಎಳೆಯಲ್ಲಿ ಕುಳಿತಿರುತ್ತವೆ. ಮಾದರಿಗೆ ಕನಿಷ್ಠ 5 ಕೋಟಿ ರೀಡ್ (ಯಂತ್ರ ಓದಿದ ತುಣುಕು) ಇಟ್ಟುಕೊಳ್ಳಿ. ಪ್ರೋಟೀನ್ ಜೀನುಗಳಿಗಾದರೆ 2ರಿಂದ 3 ಕೋಟಿ ಸಾಕು. ಮೈಕ್ರೋ ಆರ್‌ಎನ್‌ಎಗೆ ಪ್ರತ್ಯೇಕ ಸಣ್ಣ ಆರ್‌ಎನ್‌ಎ ಲೈಬ್ರರಿ, 1 ಕೋಟಿ ರೀಡ್ ಸಾಮಾನ್ಯವಾಗಿ ಸಾಕಾಗುತ್ತದೆ.

ಇನ್ನು ಸಂಖ್ಯೆ. ಮೂರು ಗಡ್ಡೆ, ಮೂರು ಆರೋಗ್ಯವಂತ ಚರ್ಮ, ಇಷ್ಟಕ್ಕೇ ಹಣ ಇದೆ ಎನ್ನುವವರಿಗೆ ನನ್ನ ಉತ್ತರ: ಆ ಹಣದಲ್ಲಿ ಅರವತ್ತು ಬ್ಲಾಕುಗಳ ಪಿಸಿಆರ್ ಮಾಡಿ. ಇಪ್ಪತ್ತು ಸಾವಿರ ಜೀನುಗಳನ್ನು 0.05ರ ಮಿತಿಯಲ್ಲಿ ಪರೀಕ್ಷಿಸಿದರೆ ಏನೂ ಇಲ್ಲದಿದ್ದರೂ ಸಾವಿರ ಜೀನುಗಳು "ಬದಲಾಗಿವೆ" ಎಂದು ಕೈ ಎತ್ತುತ್ತವೆ. ಆ ಸುಳ್ಳನ್ನು ತಿದ್ದುವ ಗಣಿತವಿದೆ. ಆದರೆ ಮೂರು ಮಾದರಿಗಳ ಮೇಲೆ ಅದನ್ನು ಹಾಕಿದರೆ ಸುಳ್ಳಿನ ಜೊತೆ ನಿಜವೂ ತೊಳೆದುಹೋಗುತ್ತದೆ.

ಹೋಲಿಕೆಗೆ ಏನನ್ನು ಇಡುತ್ತೀರಿ ಎಂಬುದು ಇದಕ್ಕಿಂತ ದೊಡ್ಡ ತಕರಾರು. ಚರ್ಮದ ಬಹುಪಾಲು ಕೆರಟಿನೋಸೈಟ್. ಮೆಲನೋಮಾವನ್ನು ಪಕ್ಕದ ಆರೋಗ್ಯವಂತ ಚರ್ಮಕ್ಕೆ ಹೋಲಿಸಿದರೆ ಸಿಗುವ ವ್ಯತ್ಯಾಸಗಳಲ್ಲಿ ಬಹಳಷ್ಟು ಕ್ಯಾನ್ಸರಿನದ್ದಲ್ಲ, ಮೆಲನೋಸೈಟಿಗೂ ಕೆರಟಿನೋಸೈಟಿಗೂ ಹುಟ್ಟಿನಿಂದಲೇ ಇರುವ ವ್ಯತ್ಯಾಸ. ಮೆಲನೋಮಾಕ್ಕೆ ಸಾಧಾರಣ ಮಚ್ಚೆಯ ಬ್ಲಾಕನ್ನು ಎದುರಿಡಿ. ಸ್ಕ್ವಾಮಸ್ ಕಾರ್ಸಿನೋಮಾಕ್ಕೆ ಈ ತೊಡಕು ಕಡಿಮೆ, ಅದು ಹುಟ್ಟಿದ್ದೇ ಕೆರಟಿನೋಸೈಟಿನಿಂದ. ಅದರ ಪರವಾಗಿ ಇನ್ನೊಂದು ಅಂಕ.

ಒಂದು ಪೈಸೆ ಇಲ್ಲದವರೂ ಈ ಪ್ರಶ್ನೆ ಕೇಳಬಹುದು. ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್‌ನಲ್ಲಿ ಸುಮಾರು 470 ಮೆಲನೋಮಾಗಳ ಆರ್‌ಎನ್‌ಎ ದತ್ತಾಂಶ ಉಚಿತವಾಗಿದೆ. ಗ್ಯಾಲಕ್ಸಿ ಎಂಬ ವೆಬ್ ವೇದಿಕೆಯಲ್ಲಿ ವಿಶ್ಲೇಷಣೆಯೂ ಉಚಿತ, ಇಂಟರ್ನೆಟ್ ಇದ್ದರೆ ಸಾಕು, ದೊಡ್ಡ ಕಂಪ್ಯೂಟರ್ ಬೇಡ. ಆದರೆ ಆ ದತ್ತಾಂಶದ ಜಾತಕ ಓದಿ ಇಳಿಯಿರಿ. ಬಹುಪಾಲು ಬಿಳಿ ಚರ್ಮದವರದು, ಬಹುಪಾಲು ಹರಡಿದ ಗಡ್ಡೆಗಳದು, ಓದಿದ್ದು ಪಾಲಿ ಎ ವಿಧಾನದಲ್ಲಿ, ಆರೋಗ್ಯವಂತ ಚರ್ಮದ ಮಾದರಿಗಳು ಇಲ್ಲವೆನ್ನುವಷ್ಟು ಕಡಿಮೆ. ಚರ್ಮದ ಸ್ಕ್ವಾಮಸ್ ಕಾರ್ಸಿನೋಮಾ ಅದರಲ್ಲಿ ಇಲ್ಲವೇ ಇಲ್ಲ. ತಲೆ ಮತ್ತು ಕುತ್ತಿಗೆಯ ಸ್ಕ್ವಾಮಸ್ ದತ್ತಾಂಶವನ್ನು ಚರ್ಮದ್ದೆಂದು ತಿಳಿದು ಆರು ತಿಂಗಳು ದುಡಿದ ವಿದ್ಯಾರ್ಥಿಯೊಬ್ಬರನ್ನು ಬಲ್ಲೆ. ಚರ್ಮದ್ದಕ್ಕೆ ಜಿಇಒ ಎಂಬ ಉಚಿತ ದತ್ತಾಂಶ ಭಂಡಾರದಲ್ಲಿ ಹುಡುಕಬೇಕು.

ಎಲ್ಲಿದೆ?

ಬೀದರಿನ ಬಿದ್ರಿ ಹೂದಾನಿಯನ್ನು ಕರಗಿಸಿ, ಅದರಲ್ಲಿ ಇಂತಿಷ್ಟು ಬೆಳ್ಳಿ ಇತ್ತು ಎಂದು ತೂಗಿ ಹೇಳಬಹುದು. ಬಳ್ಳಿ ಎಲ್ಲಿ ಹಬ್ಬಿತ್ತು, ಹೂವು ಎಲ್ಲಿತ್ತು ಎಂದು ಹೇಳಲಾಗದು. ಗಡ್ಡೆಯನ್ನು ಅರೆದು ತೆಗೆದ ಆರ್‌ಎನ್‌ಎ ಆ ಕರಗಿದ ಹೂದಾನಿ. ಮೈಕ್ರೋ ಆರ್‌ಎನ್‌ಎ 21 ಏರಿದ್ದು ಗಡ್ಡೆಯ ಕೋಶದಲ್ಲೋ, ಸುತ್ತ ಮುತ್ತಿದ ಫೈಬ್ರೋಬ್ಲಾಸ್ಟಿನಲ್ಲೋ, ಉರಿಯೂತಕ್ಕೆ ಬಂದ ಬಿಳಿ ರಕ್ತಕಣದಲ್ಲೋ ತಿಳಿಯಬೇಕಾದರೆ ಸ್ಲೈಡಿನ ಮೇಲೆಯೇ ಆರ್‌ಎನ್‌ಎ ಇರುವ ಜಾಗಕ್ಕೆ ಬಣ್ಣ ಬರಿಸಿ ನೋಡುವ ಇನ್ ಸಿಟು ಹೈಬ್ರಿಡೈಸೇಶನ್ ಮಾಡಬೇಕು. ಸ್ಲೈಡ್, ಪ್ರೋಬ್, ಒಳ್ಳೆಯ ಸೂಕ್ಷ್ಮದರ್ಶಕ, ತಾಳ್ಮೆ ಇದ್ದರೆ ಆಯಿತು. ಎಂಡಿ ಪೆಥಾಲಜಿಯವರಿಗೆ ನನ್ನ ಮೊದಲ ಸಲಹೆ ಇದೇ, ಅವರ ಕಣ್ಣು ಆಗಲೇ ಪಳಗಿರುತ್ತದೆ. ಮೆಲನೋಮಾ ಸ್ಲೈಡಿಗೆ ಕಂದು ಬಣ್ಣದ ಡಿಎಬಿ ಬೇಡ. ಮೆಲನಿನ್ನೂ ಕಂದು, ಸಂಕೇತವೂ ಕಂದು, ಆಮೇಲೆ ಜಗಳ. ಕೆಂಪು ಬಣ್ಣ ಬಳಸಿ.

ಏಕಕೋಶ ಸೀಕ್ವೆನ್ಸಿಂಗ್ ಕೂಡ ಇದೇ ಪ್ರಶ್ನೆಗೆ ಉತ್ತರಿಸುತ್ತದೆ, ವೈಭವದಿಂದ. ಜೀವಂತ ಕೋಶ ಬೇಕು, ಯಂತ್ರ ಹತ್ತಿರವಿರಬೇಕು, ಮೈಕ್ರೋ ಆರ್‌ಎನ್‌ಎಯನ್ನು ಸಾಮಾನ್ಯ ಕಿಟ್ ನೋಡುವುದಿಲ್ಲ. ಸದ್ಯಕ್ಕೆ ಓದಿ ಸಂತೋಷಪಡೋಣ.

ಇದ್ದು ಏನು ಮಾಡುತ್ತದೆ?

ಏರಿದೆ ಎಂದ ಮಾತ್ರಕ್ಕೆ ಅದೇ ಕಾರಣವೆಂದಲ್ಲ. ಕಾರಣವೆನ್ನಲು ಕೋಶದಲ್ಲಿ ಅದನ್ನು ಅಡಗಿಸಿ ನೋಡಬೇಕು. ಮೆಲನೋಮಾಕ್ಕೆ ಎ375, ಎಸ್‌ಕೆ ಮೆಲ್ 28 ಎಂಬ, ಲ್ಯಾಬಿನಲ್ಲಿ ಬೆಳೆಸುವ ಕೋಶಸಾಲುಗಳಿವೆ, ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದ ಭಂಡಾರದಲ್ಲಿ ವಿಚಾರಿಸಿ. ಚರ್ಮದ ಸ್ಕ್ವಾಮಸ್ ಎಂದು ಎಲ್ಲರೂ ಬಳಸುವ ಎ431 ಬಂದದ್ದು ಯೋನಿದ್ವಾರದ ಕ್ಯಾನ್ಸರಿನಿಂದ. ಬಳಸಿ, ಆದರೆ ಪ್ರಬಂಧದಲ್ಲಿ ಅದನ್ನು ಬರೆಯಿರಿ. ಪಕ್ಕದ ಲ್ಯಾಬಿನಿಂದ ಕಡ ತಂದ ಕೋಶಗಳನ್ನಂತೂ ಗುರುತು ಪರೀಕ್ಷೆ ಮಾಡಿಸದೆ ಮುಟ್ಟಬೇಡಿ. ಎಂಡಿಎ ಎಂಬಿ 435 ಎಂಬ ಕೋಶಸಾಲು ದಶಕಗಳ ಕಾಲ ಸ್ತನ ಕ್ಯಾನ್ಸರ್ ಎಂದೇ ನಡೆಯಿತು. 2000ದಲ್ಲಿ ಅದರ ಜೀನ್ ಅಭಿವ್ಯಕ್ತಿ ನೋಡಿದವರಿಗೆ ಮೆಲನೋಸೈಟಿನ ಜೀನುಗಳು ಕಂಡವು. ಅದು ಮೆಲನೋಮಾ ಆಗಿತ್ತು.

ಅಡಗಿಸುವ ಆಯುಧವೂ ಆರ್‌ಎನ್‌ಎ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಸೈಟೋಪ್ಲಾಸಂನಲ್ಲಿದ್ದರೆ ಎಸ್‌ಐಆರ್‌ಎನ್‌ಎ (ಗುರಿಯ ಆರ್‌ಎನ್‌ಎಯನ್ನು ಕತ್ತರಿಸುವಂತೆ ಮಾಡುವ ಸಣ್ಣ ಆರ್‌ಎನ್‌ಎ). ಮ್ಯಾಲಟ್1ರಂತೆ ನ್ಯೂಕ್ಲಿಯಸ್‌ನಲ್ಲಿ ಕುಳಿತಿದ್ದರೆ ಆಂಟಿಸೆನ್ಸ್ ಎಳೆಗಳು ವಾಸಿ. ಮೈಕ್ರೋ ಆರ್‌ಎನ್‌ಎಯ ಗುರಿ ಯಾವುದೆಂದು ಸಾಫ್ಟ್‌ವೇರ್ ಕೇಳಿದರೆ ನೂರಾರು ಹೆಸರು ಕೊಡುತ್ತದೆ. 2ರಿಂದ 8ನೇ ಅಕ್ಷರದವರೆಗಿನ ಬೀಜಭಾಗ ಕೂರುವ ಜಾಗವನ್ನು ಕೆಡಿಸಿ, ಹೊಮ್ಮುವ ಬೆಳಕನ್ನು ಅಳೆಯುವ ಲೂಸಿಫರೇಸ್ ಪರೀಕ್ಷೆ ಮಾಡುವವರೆಗೆ ಅವೆಲ್ಲ ಹೆಸರುಗಳಷ್ಟೇ.

ಹಾಗಾದರೆ ಯಾರಿಗೆ ಯಾವುದು? ನಾಲ್ಕು ತಿಂಗಳ ಎಂಎಸ್‌ಸಿ ಯೋಜನೆಗೆ ಉಚಿತ ದತ್ತಾಂಶ, ಸಾಧ್ಯವಾದರೆ ಒಂದೆರಡು ಮೈಕ್ರೋ ಆರ್‌ಎನ್‌ಎಗಳ ಪಿಸಿಆರ್. ಎಂಡಿಯವರಿಗೆ ಬ್ಲಾಕು ಮತ್ತು ಇನ್ ಸಿಟು. ಪಿಎಚ್‌ಡಿಯವರು ದತ್ತಾಂಶದಿಂದ ಪಟ್ಟಿ ಮಾಡಿ, ಬ್ಲಾಕಿನಲ್ಲಿ ಅಳೆದು, ಉಳಿದುಕೊಂಡ ಒಂದೋ ಎರಡೋ ಆರ್‌ಎನ್‌ಎಗಳನ್ನು ಕೋಶಗಳಿಗೆ ಒಯ್ಯಲಿ. ಸೀಕ್ವೆನ್ಸಿಂಗ್ ಮಾಡುವುದಾದರೆ ಮೂರನೇ ವರ್ಷ, ಅನುದಾನ ಬಂದ ಮೇಲೆ. ಮೂವರೂ ಮೊದಲ ತಿಂಗಳಲ್ಲೇ ನೈತಿಕ ಸಮಿತಿಗೆ ಅರ್ಜಿ ಹಾಕಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಉರ್ದುವಿನಲ್ಲೂ ಇರಲಿ. ತಾಂಡಾಕ್ಕೆ ಹೋಗುವವರು ಲಂಬಾಣಿ ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ಬೆರಳಚ್ಚು ಒತ್ತಿಸುವ ಮೊದಲು ಕೇಳುವವರಿಗೆ ಅರ್ಥವಾಗಿದೆಯೇ ಎಂದು ಅವರ ಬಾಯಿಂದಲೇ ಹೇಳಿಸಿ.

ಪೆಥಾಲಜಿ ವಿಭಾಗಕ್ಕೆ ಹೋಗುವ ದಿನ ಪೇಸ್ಟ್ರಿ ಡಬ್ಬಿಗಿಂತ ಹೊಸ ಮೈಕ್ರೋಟೋಮ್ ಬ್ಲೇಡಿನ ಪೊಟ್ಟಣ ಒಯ್ಯುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಗಾಳಿಗೆ ತೆರೆದಿದ್ದ ಮೊದಲ ಎರಡು ಪದರ ಎಸೆಯಿರಿ. ಬ್ಲಾಕಿನಿಂದ ಬ್ಲಾಕಿಗೆ ಬ್ಲೇಡ್ ಬದಲಿಸಿ. ಒಂದು ತೆಳು ಪದರವನ್ನು ಸ್ಲೈಡಿಗೆ ಹತ್ತಿಸಿ, ಬಣ್ಣ ಹಾಕಿಸಿ, ಗಡ್ಡೆ ಎಲ್ಲಿಂದ ಎಲ್ಲಿಯವರೆಗೆ ಎಂದು ಪೆಥಾಲಜಿಸ್ಟರಿಂದ ಮಾರ್ಕರ್ ಪೆನ್ನಿನಲ್ಲಿ ಗೆರೆ ಹಾಕಿಸಿಕೊಳ್ಳಿ. ನಂತರದ ನಾಲ್ಕೈದು ಪದರ 10 ಮೈಕ್ರಾನ್ ದಪ್ಪಕ್ಕೆ ತೆಗೆದು, ಆ ಗೆರೆಯ ಒಳಗಿನದನ್ನು ಮಾತ್ರ ಕೆರೆದು ಟ್ಯೂಬಿಗೆ ಹಾಕಿ.